ಹಿಂದಿನ ಸಾಲಿನ ಗಡಿಗೆ

ಗಡಿಗೆ ಕೊಳ್ಳಲು ಬಂದವರು ಅದನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಠಣ್ ಎಂದರೆ ಗಟ್ಟಿ, ಬೊದ್ ಎಂದರೆ ಒಡಕು. ಆಮೇಲೆ ನಾಲ್ಕಾಣೆ ಹೇಳಿದ್ದಕ್ಕೆ ಎರಡಾಣೆ ಅನ್ನುತ್ತಾರೆ, ಕುಂಬಾರ ಅಯ್ಯೋ ಅನ್ನುತ್ತಾನೆ, ಅವರು ಎದ್ದು ಹೊರಟಂತೆ ಮಾಡುತ್ತಾರೆ. ಕೊನೆಗೆ ಮೂರಾಣೆಗೆ ಇಬ್ಬರಿಗೂ ಸಮಾಧಾನವಾಗಿ "ಬರ್ತೀನಪ್ಪ" ಅಂತ ಹೇಳಿ ಹೋಗುತ್ತಾರೆ. ಲೋಕ ನಡೆಯುವುದೇ ಹೀಗೆ.

ಸಾವಿನ ಮನೆಯ ಗಡಿಗೆಗೆ ಮಾತ್ರ ಈ ಮೂರೂ ಇಲ್ಲ. ತಟ್ಟುವ ಹಾಗಿಲ್ಲ, ಚೌಕಾಶಿ ಮಾಡುವ ಹಾಗಿಲ್ಲ, ಹೊರಡುವಾಗ "ಬರ್ತೀನಿ" ಅನ್ನುವ ಹಾಗಿಲ್ಲ. ಅಂಥ ಕೆಲಸಕ್ಕೆ ಮತ್ತೆ ಬರ್ತೀನಿ ಅಂತ ಯಾರಾದರೂ ಹೇಳುತ್ತಾರೆಯೇ? ಹಾಗಾಗಿ ಹೊಸನಗರದ ಸೀಮೆಯಲ್ಲಿ ಯಾರ ಮನೆಯಲ್ಲಿ ಯಾರು ಹೋದರೆಂದು ಡಾಕ್ಟರಿಗಿಂತ ಮೊದಲು ತಿಳಿಯುತ್ತಿದ್ದದ್ದು ಕುಂಬಾರಗೇರಿಯ ಕನ್ನಪ್ಪನಿಗೆ.

ಆ ದಿನ ಬೆಳಿಗ್ಗೆ ಕನ್ನಪ್ಪ ತಿಗರಿಯ ಮುಂದೆ ಕೂತು ಗಡಿಗೆಯ ಕಂಠ ಎಳೆಯುತ್ತಿದ್ದ. ಕೈ ಗಡಿಗೆಯ ಮೇಲಿತ್ತೇ ವಿನಾ ಮನಸ್ಸು ಕೆರೆಕೊಪ್ಪದ ಕೆರೆಯಲ್ಲಿತ್ತು. ಅಪ್ಪ ಅಜ್ಜನ ಕಾಲದಿಂದ ಮಣ್ಣು ತರುತ್ತಿದ್ದ ಹೊಳೆದಂಡೆ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿ ಎರಡು ವರ್ಷವಾಗಿತ್ತು. ಈಗ ಗಡಿಗೆಗೆ ಆಗುವ ಜಿಗುಟು ಮಣ್ಣು ಇರುವುದೆಂದರೆ ಕೆರೆಕೊಪ್ಪದ ಶಂಭು ಭಟ್ಟರ ಕೆರೆಯಲ್ಲಿ ಮಾತ್ರ. ಹೋದ ವರ್ಷ ಭಟ್ಟರು ಹೂಂ ಅಂದಿದ್ದರು, ಮಣ್ಣು ಅಲ್ಲಿಂದಲೇ ಬಂದಿತ್ತು. ಈ ವರ್ಷ ಹಂಚಿನ ಕಾರ್ಖಾನೆಯವನೊಬ್ಬ ಎರಡು ಸಲ ಬಂದು ಭಟ್ಟರ ಜಗಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕಿಕೊಂಡು ಹೋಗಿದ್ದಾನೆಂದು ಸುದ್ದಿ. ಮಳೆ ಹಿಡಿಯುವುದರೊಳಗೆ ಮಣ್ಣು ತಂದು ಗುಡ್ಡೆ ಹಾಕದಿದ್ದರೆ ಇಡೀ ವರ್ಷ ತಿಗರಿ ಖಾಲಿ ತಿರುಗಬೇಕು. ಇವತ್ತು ಮಧ್ಯಾಹ್ನ ಹೋಗಿ ಕೇಳಲೇಬೇಕು ಅಂತ ಕನ್ನಪ್ಪ ಒಗೆದ ಪಂಚೆಯನ್ನು ತೆಗೆದಿಟ್ಟಿದ್ದ.

ಅಷ್ಟರಲ್ಲಿ ಅಂಗಳಕ್ಕೆ ಬಂದು ನಿಂತದ್ದು ಬೇರೆ ಯಾರೂ ಅಲ್ಲ, ಶಂಭು ಭಟ್ಟರ ಮಗ ನಾರಾಯಣಮೂರ್ತಿ.

"ಅರೆ, ಸಣ್ಣ ಒಡೇರು! ಬರ್ಬೇಕು ಬರ್ಬೇಕು" ಎಂದು ಕನ್ನಪ್ಪ ಕೆಸರುಗೈಯಲ್ಲೇ ಎದ್ದ.

ನಾರಾಯಣಮೂರ್ತಿ ಮುಖ ಗಂಟು ಹಾಕಿಕೊಂಡು, ನೆಲ ನೋಡುತ್ತಾ, "ಒಂದು ಗಡಿಗೆ" ಅಂದ.

ಕನ್ನಪ್ಪ ಮುಂದಿನ ಸಾಲಿನಿಂದ ಒಂದನ್ನು ಎತ್ತಿ ತೋರಿಸಿ "ನಾಲ್ಕಾಣೆ" ಎಂದು, ತಟ್ಟಿ ನೋಡಲೆಂದು ಮುಂದಕ್ಕೆ ಚಾಚಿದ. ನಾರಾಯಣಮೂರ್ತಿ ಹಾವು ಕಂಡವನಂತೆ ಕೈ ಹಿಂದಕ್ಕೆ ಎಳೆದುಕೊಂಡ. ಎರಡಾಣೆ ಅನ್ನಲಿಲ್ಲ. ನಾಲ್ಕಾಣೆಯನ್ನು ಕಟ್ಟೆಯ ಮೇಲಿಟ್ಟ.

ಕನ್ನಪ್ಪನಿಗೆ ಅರ್ಥವಾಯಿತು. ಮುಂದಿನ ಸಾಲಿನ ಗಡಿಗೆಯನ್ನು ವಾಪಸ್ಸಿಟ್ಟು, ಒಳಗೆ ಹೋಗಿ ಹಿಂದಿನ ಸಾಲಿನಿಂದ ಇನ್ನೊಂದನ್ನು ತಂದುಕೊಟ್ಟ. ನಾರಾಯಣಮೂರ್ತಿ ಅದನ್ನು ಬಗಲಲ್ಲಿ ಇಟ್ಟುಕೊಂಡು ಹೊರಟ. ಬೇಲಿಯ ದಣಪೆಯ ಹತ್ತಿರ ನಿಂತು ತಿರುಗಿದ, ಬಾಯಿ ತೆರೆದ, ಏನೋ ನೆನಪಾದಂತೆ ಮುಚ್ಚಿದ. "ಬರ್ತೀನಿ" ಅನ್ನದೆ ಹೋಗಿಬಿಟ್ಟ.

"ಏ ರಂಗೀ!" ಎಂದು ಕನ್ನಪ್ಪ ಕೂಗಿದ. "ನಮ್ಮ ಗತಿ ಮುಗೀತಲ್ಲೇ!"

ರಂಗಮ್ಮ ಸೌಟು ಹಿಡಿದೇ ಓಡಿಬಂದಳು. ಕನ್ನಪ್ಪ ನಡೆದದ್ದನ್ನು ಹೇಳಿದ.

"ಅಯ್ಯೋ ದೇವ್ರೇ, ದೊಡ್ಡ ಒಡೇರು ಹೋಗ್ಬಿಟ್ರಾ! ಹಿಂದಿನ ಸಾಲಿಂದೇ ಕೊಟ್ರಾ?"

"ಮತ್ತೆ? ಸಾವಿನ ಮನೆಗೆ ಬೇರೆ ಯಾವ ಸಾಲಿಂದ ಕೊಡ್ತಾರೆ? ಅದಿರ್ಲಿ, ಮಣ್ಣಿನ ಗತಿ ಏನೇ? ಇನ್ನು ಹದಿಮೂರು ದಿನ ಆ ಮನೇಲಿ ಮಣ್ಣಿನ ಮಾತು ಎತ್ತೋ ಹಾಗಿಲ್ಲ. ಅಷ್ಟರೊಳಗೆ ಆ ಹಂಚಿನವನು ನುಗ್ತಾನೆ."

"ನೀವು ಮೊದ್ಲು ಬಾಯಿ ಮುಚ್ಕೊಳ್ಳಿ. ಎದುರು ಜಗಲೀಲಿ ಮಂಜಯ್ಯ ಕೂತಿದಾರೆ."

ಬುದ್ಧಿವಂತೆ. ಆದರೆ ಮಂಜಯ್ಯನ ಮುಂದೆ ಯಾರ ಬುದ್ಧಿಯೂ ನಡೆಯುವುದಿಲ್ಲ. ಮೂವತ್ತು ವರ್ಷ ಅಂಚೆಯ ಪೇದೆಯಾಗಿದ್ದ ಆತ ಕೆಲಸ ಬಿಟ್ಟಿದ್ದರೂ ಸುದ್ದಿ ಹಂಚುವುದನ್ನು ಬಿಟ್ಟಿರಲಿಲ್ಲ. ಆಗಲೇ ಎದ್ದು ಬಂದಾಗಿತ್ತು.

"ಏನೋ ಕನ್ನಪ್ಪ, ಕೆರೆಕೊಪ್ಪದ ಮಾಣಿ ಬಂದಿದ್ದ ಹಂಗಿತ್ತು?"

"ಹೂಂ, ಗಡಿಗೆಗೆ ಬಂದಿದ್ರು."

"ತಟ್ಟಿ ನೋಡಿದ ಸದ್ದು ಕೇಳ್ಲಿಲ್ಲ?"

ಕನ್ನಪ್ಪ ತಿಗರಿಯ ಮೇಲಿನ ಹಸಿ ಗಡಿಗೆಯನ್ನು ಕೈಗೆತ್ತಿಕೊಂಡ.

"ಚೌಕಾಶಿ ಮಾಡಿದ್ದೂ ಕೇಳ್ಲಿಲ್ಲ?"

ಕನ್ನಪ್ಪ ತಿಗರಿಯ ಕಡೆ ನೋಡಿದ.

"ಬರ್ತೀನಿ ಅಂದ್ನಾ ಇಲ್ವಾ, ಅದೊಂದು ಹೇಳು ಸಾಕು."

"ನಾನೇನೂ ಹೇಳಿಲ್ಲ ಮಂಜಯ್ನೋರೇ, ನನ್ನ ತಲೆಗೆ ಕಟ್ಬೇಡಿ" ಎಂದು ಕನ್ನಪ್ಪ ಕೈ ಮುಗಿದ. ಕೈಯಲ್ಲಿದ್ದ ಹಸಿ ಗಡಿಗೆ ಚಪ್ಪಟೆಯಾಯಿತು. ಮಂಜಯ್ಯನಿಗೆ ಅಷ್ಟೇ ಸಾಕಾಯಿತು. "ಶಿವ ಶಿವಾ! ಎಂಥ ಮನುಷ್ಯ!" ಎಂದು ಹೆಗಲ ಮೇಲಿನ ಟವೆಲನ್ನು ತಲೆಗೆ ಹಾಕಿಕೊಂಡು ನೇರ ಬಸ್ ಸ್ಟ್ಯಾಂಡಿಗೆ ನಡೆದ.

ಎಂಟು ಗಂಟೆಯ ಬಸ್ಸಿನ ಕಂಡಕ್ಟರ್ ಮಾಸ್ತಪ್ಪ ಸುದ್ದಿಯನ್ನು ಸಾಗರಕ್ಕೆ ಒಯ್ದ. ಅಲ್ಲಿ ಭಟ್ಟರ ಮಗಳು ವರದಾಳನ್ನು ಕೊಟ್ಟಿದ್ದರು. ಒಂಬತ್ತಕ್ಕೆ ಸೊಸೈಟಿಯ ಬಾಗಿಲು ಹಾಕಿತು, ಭಟ್ಟರು ಅದರ ಹಳೇ ಅಧ್ಯಕ್ಷರು. ಹತ್ತೂವರೆಗೆ ಶಾಲೆಯ ಗಂಟೆ ಢಣಢಣ ಹೊಡೆಯಿತು, ಶಾಲೆಗೆ ಜಾಗ ಬಿಟ್ಟುಕೊಟ್ಟವರು ಭಟ್ಟರೇ ಅಲ್ಲವೇ? ಹೆಡ್ಮಾಸ್ತರು ಎರಡು ನಿಮಿಷ ಮೌನ ಮಾಡಿಸಿದರು. ಹುಡುಗರು ಎರಡು ನಿಮಿಷ ಹೇಗೋ ತಡೆದುಕೊಂಡು, ಆಮೇಲೆ "ಭಟ್ಟಜ್ಜ ಸತ್ರು, ರಜಾ!" ಎಂದು ಕುಣಿಯುತ್ತಾ ಕುಂಬಾರಗೇರಿಯ ಮೇಲೆ ಹಾದುಹೋದರು.

ಆ ಕೂಗು ಕೇಳಿ ಕನ್ನಪ್ಪನಿಗೆ ಜೀವ ಬಾಯಿಗೆ ಬಂದಂತಾಯಿತು. ಒಂದು ಗಡಿಗೆ ಕೊಟ್ಟದ್ದಕ್ಕೆ ಶಾಲೆ ಮುಚ್ಚಿತಲ್ಲಪ್ಪಾ!

ಮಂಜಯ್ಯ ವಾಪಸ್ಸು ಬಂದ. ಹಿಂದೆ ಹದಿನೈದು ಇಪ್ಪತ್ತು ಜನ. ಮುಂದುಗಡೆ ಪಕ್ಕದ ಮನೆಯ ಜಲಜಮ್ಮ. ಯಾರ ಮನೆಯಲ್ಲಿ ಸಾವಾದರೂ ಮೊದಲು ಅಳುವುದಕ್ಕೆ ಜಲಜಮ್ಮನೇ ಆಗಬೇಕು. ಅವಳು ಸೆರಗನ್ನು ಆಗಲೇ ಬಾಯಿಗೆ ಹಿಡಿದುಕೊಂಡಿದ್ದಳು.

"ನಡಿಯೋ ಕನ್ನಪ್ಪ, ಎಲ್ಲರಿಗಿಂತ ಮುಂದೆ ನೀನಿರ್ಬೇಕು."

"ನಾನ್ಯಾಕೆ?"

"ಯಾಕೆ ಅಂದ್ರೆ! ಸುದ್ದಿ ತಿಳಿದಿದ್ದು ನಿನ್ನಿಂದ. ಅವರ ಕೆರೆ ಮಣ್ಣು ತಿಂದು ಬದುಕಿದೋನು ನೀನು. ಇವತ್ತು ಮುಖ ತೋರಿಸ್ದಿದ್ರೆ ನಾಳೆ ಆ ಮಾಣಿ ನಿಂಗೆ ಮಣ್ಣು ಕೊಡ್ತಾನಾ?"

ಕೊನೆಯ ಮಾತು ನಾಟಿತು. ಕನ್ನಪ್ಪ ಮಣ್ಣು ಕೇಳಲೆಂದು ತೆಗೆದಿಟ್ಟಿದ್ದ ಪಂಚೆಯನ್ನೇ ಉಟ್ಟುಕೊಂಡು ಹೊರಟ. ಕೆರೆಕೊಪ್ಪ ಎರಡು ಮೈಲಿ. ದಾರಿಯುದ್ದಕ್ಕೂ ಜನ ಭಟ್ಟರ ಗುಣಗಾನ ಮಾಡುತ್ತಿದ್ದರೆ ಕನ್ನಪ್ಪ ಒಳಗೊಳಗೇ ಮಾತು ಹೊಂದಿಸಿಕೊಳ್ಳುತ್ತಿದ್ದ. "ಸಣ್ಣ ಒಡೇರೇ, ದೊಡ್ಡೋರು ಹೋಗಿದ್ದು ನಮಗೆಲ್ಲ ದೊಡ್ಡ ನಷ್ಟ. ಅವರು ನಂಗೆ ಮಣ್ಣು ಕೊಡ್ತೀನಿ ಅಂದಿದ್ರು..." ಛೆ, ಹೆಣದ ಮುಂದೆ ಹೀಗೆ ಕೇಳಿದರೆ ಒದೆಯುತ್ತಾರೆ. "ಮಣ್ಣು ಅಂದಿದ್ರು, ಆದ್ರೆ ಈಗ ಅದಲ್ಲ ಮುಖ್ಯ..." ಮುಖ್ಯವಲ್ಲದಿದ್ದರೆ ಕೊಡುವುದೇ ಇಲ್ಲ!

ಭಟ್ಟರ ಮನೆಯ ದಣಪೆ ದಾಟುವಾಗಲೇ ಮಂಜಯ್ಯ ಅವನ ತೋಳು ಹಿಡಿದ. "ನೋಡ್ದ್ಯಾ?"

ಅಂಗಳದ ಮೂಲೆಯಲ್ಲಿ ಮಾವಿನ ಕಟ್ಟಿಗೆ ಎದೆಮಟ್ಟ ಪೇರಿಸಿತ್ತು. ಪಕ್ಕದಲ್ಲಿ ಎರಡು ಹಸಿ ಬಿದಿರು. ಅನುಮಾನ ಇದ್ದವರಿಗೂ ಅನುಮಾನ ಹೋಯಿತು. ಜಲಜಮ್ಮ ಇನ್ನು ತಡೆಯಲಿಲ್ಲ. "ಅಯ್ಯೋ ನನ್ನೊಡೆಯಾ! ನಮ್ಮನ್ನೆಲ್ಲ ಬಿಟ್ಟು ಹೋದ್ಯಲ್ಲೋ!" ಎಂದು ಅಂಗಳದ ಮಧ್ಯೆ ಕುಸಿದು ಕೂತಳು. ಹೆಂಗಸರೆಲ್ಲ ದನಿಗೂಡಿಸಿದರು. ಕೊಟ್ಟಿಗೆಯ ದನಗಳೂ ಅಂಬಾ ಎಂದವು.

ಬಾಗಿಲಲ್ಲಿ ಒಂದು ಆಕೃತಿ ಕಾಣಿಸಿಕೊಂಡಿತು. ಕೆಂಪು ಶಾಲು, ಬಾಯ್ತುಂಬ ಕವಳ. ಅಂಗಳದ ತುದಿಗೆ ಬಂದು ಪಿಚಕ್ಕನೆ ಉಗುಳಿ, ಬಾಯಿ ಒರೆಸಿಕೊಂಡು ಕೇಳಿತು:

"ಯಾರೇ ಜಲಜ, ಯಾರು ಸತ್ತಿದ್ದು?"

ಜಲಜಮ್ಮನ ಅಳು ತುದಿಯಲ್ಲಿದ್ದದ್ದು ಅಲ್ಲೇ ನಿಂತಿತು. ಇಬ್ಬರು ಮುದುಕಿಯರು ದೆವ್ವವೆಂದು ಓಡಿ ಅಡಿಕೆ ಸಿಪ್ಪೆಯ ರಾಶಿಯ ಮೇಲೆ ಬಿದ್ದರು. ಮಂಜಯ್ಯ ತಲೆಯ ಮೇಲಿನ ಟವೆಲನ್ನು ಮೆಲ್ಲಗೆ ತೆಗೆದು ಹೆಗಲಿಗೆ ಹಾಕಿಕೊಂಡ.

"ಕೇಳಿದ್ದಕ್ಕೆ ಹೇಳ್ರೋ. ಯಾರು ಸತ್ತಿದ್ದು?"

"ನೀವು" ಎಂದ ಹಿಂದಿನಿಂದ ಯಾರೋ.

"ನಾನಾ? ಯಾರು ಹೇಳಿದ್ದು?"

ಇಪ್ಪತ್ತು ಕೈಗಳು ಒಟ್ಟಿಗೆ ಕನ್ನಪ್ಪನ ಕಡೆ ತಿರುಗಿದವು. ಎಲ್ಲಕ್ಕಿಂತ ಉದ್ದ ಚಾಚಿದ್ದು ಮಂಜಯ್ಯನ ಕೈ.

ಕನ್ನಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭಟ್ಟರು ಬದುಕಿರುವುದು ಕಂಡು ಸಂತೋಷವೂ ಆಯಿತು. ಇಲ್ಲವೆಂದಲ್ಲ. ಆದರೆ ಬದುಕಿರುವವರನ್ನು ಸಾಯಿಸಿ ಅವರ ಹತ್ತಿರವೇ ಮಣ್ಣು ಕೇಳುವುದು ಹೇಗೆ? ಅವನು ಬಾಯಿ ತೆರೆಯುವಷ್ಟರಲ್ಲಿ ಸಾಗರದ ಬಾಡಿಗೆ ಕಾರು ಧೂಳೆಬ್ಬಿಸಿಕೊಂಡು ಬಂತು. ವರದಾ ಇಳಿದವಳೇ "ಅಪ್ಪಯ್ಯಾ!" ಎಂದು ಬಿಕ್ಕುತ್ತಾ ಓಡಿ, ಯಾರನ್ನೂ ನೋಡದೆ, ಶಂಭು ಭಟ್ಟರ ಹೆಗಲ ಮೇಲೇ ತಲೆಯಿಟ್ಟು ಅತ್ತಳು.

"ಎಂತಕ್ಕೆ ಅಳ್ತೆ ಕೂಸೆ? ಎಂಗೆ ಎಂತೂ ಆಯ್ದಿಲ್ಲೆ" ಎಂದು ಭಟ್ಟರು ತಮಗೇನೂ ಆಗಿಲ್ಲವೆಂದು ಮನೆಮಾತಿನಲ್ಲೇ ಸಮಾಧಾನ ಹೇಳಿದರು.

ವರದಾ ತಲೆಯೆತ್ತಿ ನೋಡಿ, ಅಪ್ಪನೇ ಎಂದು ಗೊತ್ತಾದ ಮೇಲೆ ಮೊದಲಿಗಿಂತ ಜೋರಾಗಿ ಅತ್ತಳು. ಅವಳ ಹಿಂದೆಯೇ ಹೆಡ್ಮಾಸ್ತರು ದೊಡ್ಡ ಹೂವಿನ ಹಾರ ಹಿಡಿದು ಬಂದರು. ಹಾರ ಹಾಕಬೇಕಾದವರೇ ಎದುರು ನಿಂತದ್ದು ಕಂಡು ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

"ಕನ್ನಪ್ಪ, ಮುಂದೆ ಬಾ" ಎಂದರು ಭಟ್ಟರು.

ಕನ್ನಪ್ಪ ಬಂದು ಉದ್ದಂಡ ಬಿದ್ದ. "ತಪ್ಪಾಯ್ತು ಒಡೆಯಾ. ನಾನು ಹೋದ್ರು ಅಂತ ಬಾಯಿಬಿಟ್ಟು ಹೇಳಿಲ್ಲ. ಬೆಳಿಗ್ಗೆ ಸಣ್ಣ ಒಡೇರು ಗಡಿಗೆಗೆ ಬಂದ್ರು. ತಟ್ಟಿ ನೋಡ್ಲಿಲ್ಲ. ಚೌಕಾಶಿ ಮಾಡ್ಲಿಲ್ಲ. ಬರ್ತೀನಿ ಅನ್ಲಿಲ್ಲ. ನಾನೇನಂತ ತಿಳ್ಕೊಳ್ಲಿ, ನೀವೇ ಹೇಳಿ."

ಭಟ್ಟರು ಮಗನ ಕಡೆ ತಿರುಗಿದರು. ನಾರಾಯಣಮೂರ್ತಿ ಮುಖ ಕೆಂಪು ಮಾಡಿಕೊಂಡು, "ನೀನೇ ಹಾಂಗೆ ತಗಂಬಾ ಹೇಳಿದ್ದಲ್ದ ಅಪ್ಪಯ್ಯ" ಎಂದು ಗೊಣಗಿದ.

ಭಟ್ಟರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಹೆಗಲು, ಆಮೇಲೆ ಕವಳದ ಕೆಂಪು ಬಾಯಿ ತೆರೆದು ಅವರು ನಕ್ಕೇ ನಕ್ಕರು.

"ಸರಿಯಾಗೇ ತಿಳ್ಕೊಂಡಿದೀಯ ಕಣೋ! ಕೇಳಿ ಎಲ್ಲರೂ. ಹೋದ ಮಳೆಗಾಲದಲ್ಲಿ ನಮ್ಮ ಭಾವ ತೀರಿಹೋದಾಗ ಒಣ ಕಟ್ಟಿಗೆ ಇಲ್ಲ, ಹಳ್ಳ ದಾಟಿ ಗಡಿಗೆ ತರೋಕೆ ಆಗ್ಲಿಲ್ಲ. ಅರ್ಧ ದಿನ ಹೆಣ ಕಾಯ್ತಾ ಕೂತಿತ್ತು. ನಂಗೆ ಆ ಅವಸ್ಥೆ ಬೇಡ ಅಂತ ಎಲ್ಲ ಮೊದಲೇ ತಯಾರಿ ಮಾಡ್ಕೊಂಡೆ. ಕಟ್ಟಿಗೆ ಆಯ್ತು, ಬಿದಿರು ಆಯ್ತು, ಗಡಿಗೆ ಒಂದು ಬಾಕಿ ಇತ್ತು. ಆ ಗಡಿಗೇನ ತರೋ ಕ್ರಮದಲ್ಲೇ ತರಬೇಕು, ತಟ್ಟಬೇಡ, ಚೌಕಾಶಿ ಬೇಡ, ಬರ್ತೀನಿ ಅನ್ಬೇಡ ಅಂತ ಇವನಿಗೆ ನಾನೇ ಹೇಳಿ ಕಳಿಸಿದ್ದು. ಶಾಸ್ತ್ರ ಶಾಸ್ತ್ರವೇ."

"ಹಾಗಾದ್ರೆ ನನ್ನ ತಪ್ಪಿಲ್ವಾ ಒಡೆಯಾ?"

"ನಿಂದೇನು ತಪ್ಪು? ಗಿರಾಕಿ ಮುಖ ನೋಡಿ ವಿಷಯ ತಿಳ್ಕೊಂಡ್ಯಲ್ಲ, ಕಸುಬು ಬಲ್ಲೋನು ನೀನು. ತಪ್ಪು ಈ ಮಂಜಯ್ಯಂದು. ಏಳು, ಏನು ಬೇಕು ಕೇಳು."

ಕನ್ನಪ್ಪ ಎದ್ದು ಕೈ ಮುಗಿದ. "ಮಣ್ಣು... ಕೆರೆ ಮಣ್ಣು."

"ಅಷ್ಟೇನಾ? ತಗೊಂಡು ಹೋಗು. ಎಷ್ಟು ಗಾಡಿ ಬೇಕೋ ಅಷ್ಟು. ಆ ಹಂಚಿನವನಿಗೆ ಇಲ್ಲ ಅಂತೀನಿ."

ಕನ್ನಪ್ಪನ ಕಣ್ಣಲ್ಲಿ ನೀರೇ ಬಂತು. ಕತೆ ಇಲ್ಲಿಗೆ ಮುಗಿದಿದ್ದರೆ ಕನ್ನಪ್ಪ ಇವತ್ತಿಗೂ ಸುಖವಾಗಿರುತ್ತಿದ್ದ. ಆದರೆ ಭಟ್ಟರು ಒಳ್ಳೆಯ ಉಮೇದಿನಲ್ಲಿದ್ದರು.

"ನಾರಾಯಣ, ಆ ಗಡಿಗೆ ತಗಂಬಾ. ಎಲ್ಲರೂ ನೋಡ್ಲಿ, ನನ್ನ ಗಡಿಗೆ."

ಕನ್ನಪ್ಪನ ನಗು ಅರ್ಧದಲ್ಲೇ ನಿಂತಿತು. "ಯಾಕೆ ಒಡೆಯಾ ಸುಮ್ನೆ, ಒಳಗೇ ಇರ್ಲಿ. ಅಂಥಾದ್ದನ್ನ ಹೊರಗೆ ತರಬಾರ್ದು."

"ತಂದ್ರೆ ಏನಾಗುತ್ತೆ?"

ಗಡಿಗೆ ಬಂತು. ಭಟ್ಟರು ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈ ಬೆರಳು ಮಡಿಸಿದರು.

"ತಟ್ಟಬಾರ್ದು ಒಡೆಯಾ!" ಎಂದು ಕನ್ನಪ್ಪ ಕಿರುಚಿದ. "ಶಾಸ್ತ್ರ ಅಲ್ಲ!"

"ಕೊಳ್ಳೋನು ತಟ್ಟಬಾರ್ದು. ಸತ್ತೋನಿಗೆ ತಟ್ಟೋಕಾಗಲ್ಲ. ನಾನು ಕೊಳ್ಳೋಕೆ ಬಂದೋನೂ ಅಲ್ಲ, ಸತ್ತೂ ಇಲ್ಲ" ಎಂದು ಭಟ್ಟರು ತಟ್ಟಿದರು.

ಬೊದ್.

ಇನ್ನೊಮ್ಮೆ ತಟ್ಟಿದರು. ಬೊದ್. ಬಿಸಿಲಿಗೆ ಹಿಡಿದು ಒಳಗೆ ಕಣ್ಣಿಟ್ಟು ನೋಡಿದರು. ಕಂಠದಿಂದ ಬುಡದವರೆಗೆ ಬೆಳಕಿನ ಗೆರೆಯೊಂದು ಕಾಣಿಸಿತು.

"ಒಡಕು ಗಡಿಗೆ!" ಎಂದರು ಭಟ್ಟರು. ದನಿಯಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚಿತ್ತು. "ಯಾರೂ ತಟ್ಟಿ ನೋಡಲ್ಲ ಅಂತ ಸಾಯೋರಿಗೆಲ್ಲ ಒಡಕು ಗಡಿಗೆ ಕೊಡ್ತೀಯೇನೋ?"

ಇದೇ ಹಿಂದಿನ ಸಾಲಿನ ಗುಟ್ಟು. ಅರ್ಧ ಗಂಟೆಯಲ್ಲಿ ಒಡೆದುಹಾಕುವ ಗಡಿಗೆ ಗಟ್ಟಿಯಿದ್ದರೇನು, ಸೀಳಿದ್ದರೇನು ಅಂತ ಕನ್ನಪ್ಪನ ಅಜ್ಜ ಹಾಕಿಕೊಟ್ಟ ದಾರಿ. ಗಡಿಗೆ ಸುಡುವ ಆವಿಗೆಯಲ್ಲಿ ಸೀಳಿದ್ದೆಲ್ಲ ಹಿಂದಿನ ಸಾಲಿಗೆ. ಮೂರು ತಲೆಮಾರಿನಲ್ಲಿ ಯಾವ ಹೆಣವೂ ದೂರು ಕೊಟ್ಟಿರಲಿಲ್ಲ.

"ಅಂದ್ರೆ ನಮ್ಮ ಯಜಮಾನ್ರಿಗೆ ಕೊಟ್ಟಿದ್ದೂ..." ಎಂದು ಜಲಜಮ್ಮ ಎದ್ದು ನಿಂತಳು.

"ಲೋ ಪಾಪೀ!" ಎಂದು ಮಂಜಯ್ಯ ಮುನ್ನುಗ್ಗಿದ. "ನಮ್ಮವ್ವನ ದಿನ ಚಿತೆಗೆ ಮೊದಲ ಸುತ್ತು ಮುಗಿಯೋದ್ರೊಳಗೆ ಗಡಿಗೆ ನೀರೆಲ್ಲ ನನ್ನ ಬೆನ್ನ ಮೇಲೆ ಸುರೀತಲ್ಲೋ! ಅವ್ವಂಗೆ ನನ್ನ ಮೇಲೆ ಸಿಟ್ಟಿತ್ತು ಅಂತ ಆರು ವರ್ಷದಿಂದ ಕೊರಗ್ತಾ ಇದೀನಿ!"

ಅಂಗಳದಲ್ಲಿ ಇದ್ದವರೆಲ್ಲ ಒಂದಲ್ಲ ಒಂದು ದಿನ ಕನ್ನಪ್ಪನ ಮನೆಯಿಂದ ಗಡಿಗೆ ಒಯ್ದವರೇ. ಅವರನ್ನೆಲ್ಲ ಇಲ್ಲಿ ಒಟ್ಟು ಸೇರಿಸಿದ್ದೂ ಅವನೇ. ಎಲ್ಲ ಕಡೆಯಿಂದ ಜನ ಒತ್ತರಿಸಿ ಬಂದಾಗ ಕನ್ನಪ್ಪನ ತಲೆ ಕೆಲಸ ನಿಲ್ಲಿಸಿತು, ಬಾಯಿ ಮಾತ್ರ ಓಡಿತು.

"ನನ್ನ ಕೈ ತಪ್ಪಲ್ಲ ಒಡೆಯಾ! ಆಣೆ ಮಾಡಿ ಹೇಳ್ತೀನಿ. ಮಣ್ಣಿಂದೇ ದೋಷ. ಈ ಸಲದ ಮಣ್ಣು ಶುದ್ಧ ಕೆಟ್ಟದ್ದು. ಎಷ್ಟು ತುಳಿದ್ರೂ ಹದ ಬರಲ್ಲ, ಸುಟ್ರೆ ಸೀಳುತ್ತೆ. ಇಂಥ ದರಿದ್ರ ಮಣ್ಣು ನನ್ನ ಜನ್ಮದಲ್ಲೇ ನೋಡಿಲ್ಲ!"

ಭಟ್ಟರು ಗಡಿಗೆಯನ್ನು ಮೆಲ್ಲಗೆ ಕೆಳಗಿಟ್ಟರು.

"ಯಾವ ಮಣ್ಣು ಕನ್ನಪ್ಪ?"

ಕನ್ನಪ್ಪ ಬಾಯಿ ಮುಚ್ಚಿದ. ಮುಚ್ಚುವುದಕ್ಕೆ ತಡವಾಗಿತ್ತು.

"ಹೋದ ವರ್ಷ ನಮ್ಮ ಕೆರೇಲಿ ತಗೊಂಡ್ಯಲ್ಲ, ಆ ಮಣ್ಣಾ?"

"ಒಡೆಯಾ, ನಾನು ಹೇಳಿದ್ದು..."

"ಬೇಡಪ್ಪ, ಬೇಡ. ಕೆಟ್ಟ ಮಣ್ಣು ಕೊಟ್ಟು ನಿನ್ನ ಕಸುಬು ಹಾಳು ಮಾಡಿದ ಪಾಪ ಈ ವಯಸ್ಸಲ್ಲಿ ನಂಗೆ ಬೇಡ. ನಾರಾಯಣ, ಆ ಹಂಚಿನ ಕಾರ್ಖಾನೆಯವನಿಗೆ ಒಂದು ಕಾಗದ ಬರೆದುಬಿಡು." ಭಟ್ಟರು ಗಡಿಗೆಯನ್ನು ಕಾಲಿನಿಂದ ಅವನ ಕಡೆ ಸರಿಸಿದರು. "ಇದನ್ನೂ ತಗೊಂಡು ಹೋಗು. ಬದುಕಿರೋನ ಮನೇಲಿ ಒಡಕು ಗಡಿಗೆ ಇರಬಾರ್ದು."

ಕನ್ನಪ್ಪ ಗಡಿಗೆಯನ್ನು ಎತ್ತಿಕೊಂಡ. ಇನ್ನು ಕೇಳುವುದಕ್ಕೆ ಏನಿತ್ತು? "ಬರ್ತೀನಿ" ಅನ್ನಲೂ ಬಾಯಿ ಬರದೆ ಹೊರಟ.

ಮನೆಗೆ ಒಯ್ಯುವ ಹಾಗಿಲ್ಲ, ದಾರಿಯಲ್ಲಿ ಬಿಡುವ ಹಾಗಿಲ್ಲ, ಹೊಳೆಯ ಹತ್ತಿರ ಒಡೆದು ಹೋಗೋಣವೆಂದು ಅವನು ರಸ್ತೆಗೆ ಬಂದಾಗ ಸಂಜೆಯಾಗಿತ್ತು. ಹಿಂದಿನಿಂದ ಬಸ್ಸು ಬಂದು ಪಕ್ಕದಲ್ಲಿ ನಿಂತಿತು. ಕಂಡಕ್ಟರ್ ಮಾಸ್ತಪ್ಪ ಬಾಗಿಲಿನಿಂದ ತಲೆ ಹೊರಗೆ ಹಾಕಿದ. ಬೆಳಿಗ್ಗೆ ಸಾಗರಕ್ಕೆ ಹೋಗಿದ್ದ ಅದೇ ಬಸ್ಸು, ಈಗ ತೀರ್ಥಹಳ್ಳಿಗೆ ಹೊರಟಿತ್ತು. ಕೈಯಲ್ಲಿ ಒಂದೇ ಗಡಿಗೆ, ಕಣ್ಣಲ್ಲಿ ನೀರು, ಒಗೆದು ಉಟ್ಟ ಪಂಚೆ, ಎಲ್ಲವನ್ನೂ ಮಾಸ್ತಪ್ಪ ನೋಡಿದ.

"ಕನ್ನಪ್ಪಾ! ಭಟ್ಟರದ್ದು ಬೆಳಿಗ್ಗೇನೇ ಆಯ್ತಲ್ಲ, ಇದು ಯಾರಿಗೋ?"

ಈ ದಿನ ಬಾಯಿಬಿಟ್ಟು ಕೆಟ್ಟದ್ದು ಸಾಕು ಅಂತ ಕನ್ನಪ್ಪ ಬಾಯಿ ಬಿಡಲಿಲ್ಲ. ಯಾರೂ ಇಲ್ಲ ಎನ್ನುವಂತೆ ತಲೆ ಅಲ್ಲಾಡಿಸಿದ.

"ಮನೇಲೇನಾ? ರಂಗಮ್ಮನಾ? ಅಯ್ಯಯ್ಯೋ!" ಮಾಸ್ತಪ್ಪ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. "ನೀನು ಧೈರ್ಯವಾಗಿರು. ನಿನ್ನ ಅತ್ತೆ ಮನೆ ತೀರ್ಥಹಳ್ಳಿ ಸ್ಟ್ಯಾಂಡಿನ ಹಿಂದೇನೇ ಅಲ್ವಾ? ನಾನು ತಿಳಿಸ್ತೀನಿ. ರೈಟ್!"

"ಏ ಮಾಸ್ತಪ್ಪಾ! ನಿಲ್ಸೋ!" ಎಂದು ಕನ್ನಪ್ಪ ಕೂಗುತ್ತಾ ಗಡಿಗೆ ಹಿಡಿದೇ ಒಂದು ಫರ್ಲಾಂಗು ಓಡಿದ. ಓಡಿದ್ದನ್ನು ನೋಡಿ ಬಸ್ಸಿನಲ್ಲಿದ್ದವರೆಲ್ಲ ಕಣ್ಣೊರೆಸಿಕೊಂಡರು.

ಮಾರನೆಯ ದಿನ ಮೊದಲ ಬಸ್ಸಿಗೆ ತೀರ್ಥಹಳ್ಳಿಯಿಂದ ಹನ್ನೊಂದು ಜನ ಇಳಿದರು. ಎಲ್ಲರಿಗಿಂತ ಮುಂದೆ ಕನ್ನಪ್ಪನ ಅತ್ತೆ, ಎದೆ ಬಡಿದುಕೊಳ್ಳುತ್ತಾ ಕುಂಬಾರಗೇರಿಯುದ್ದಕ್ಕೂ ಕೂಗಿ ಅಳುತ್ತಾ ಬಂದಳು. ಅಂಗಳ ಗುಡಿಸುತ್ತಿದ್ದ ರಂಗಮ್ಮ ತಾಯಿಯನ್ನು ಆ ಸ್ಥಿತಿಯಲ್ಲಿ ಕಂಡು ಪೊರಕೆ ಎಸೆದು ಓಡಿಹೋಗಿ ತಬ್ಬಿಕೊಂಡಳು. "ಅವ್ವಾ, ಯಾರು ಹೋದ್ರವ್ವಾ?" ಎಂದು ತಾನೂ ಅಳತೊಡಗಿದಳು.